ಮೆಮೊರಿ ಇದ್ದರೂ ಏಳದ ಡೇಟಾಬೇಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಯುನಿಕ್ಸ್ ಮತ್ತು ಲಿನಕ್ಸ್ ಸರ್ವರ್‌ಗಳಲ್ಲಿ ಡೇಟಾಬೇಸನ್ನು ಆರಂಭಿಸುವಾಗ ಮೆಮೊರಿ ಸಾಲದೆಂಬ ದೋಷಸಂದೇಶ ಬರುವುದರ ಬಗ್ಗೆ ಹಲವು ಪತ್ರಗಳು ಬಂದಿರುವುದರಿಂದ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಮತ್ತು ಅವರ ಸಂಸ್ಥೆಗಳ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಸಹಕಾರಿ ಬ್ಯಾಂಕೊಂದರ ಗಣಕ ವಿಭಾಗ. ಲಿನಕ್ಸ್ ಸರ್ವರ್‌ನಲ್ಲಿ ಒರಾಕಲ್ ಡೇಟಾಬೇಸ್ ನಡೆಯುತ್ತಿದೆ. ಕಳೆದ ತಿಂಗಳು ಸರ್ವರ್‌ನ ಮೆಮೊರಿಯನ್ನು 16 ಜಿಬಿಯಿಂದ 32 ಜಿಬಿಗೆ ಏರಿಸಿ, ಅದರ ಪ್ರಯೋಜನ ಸಿಗಲೆಂದು ಎಸ್‌ಜಿಎ, ಅಂದರೆ ಒರಾಕಲ್‌ನ ಪ್ರಕ್ರಿಯೆಗಳೆಲ್ಲ ಹಂಚಿಕೊಳ್ಳುವ ಮೆಮೊರಿಯ, ಗಾತ್ರವನ್ನು 6 ಜಿಬಿಯಿಂದ 12 ಜಿಬಿಗೆ ಹೆಚ್ಚಿಸಿದೆವು. ಡೇಟಾಬೇಸ್ ನಿಲ್ಲಿಸಿ ಮತ್ತೆ ಆರಂಭಿಸಿದಾಗ ‘ಒಆರ್‌ಎ-27102: ಔಟ್ ಆಫ್ ಮೆಮೊರಿ’ ಎಂದೂ, ಅದರ ಕೆಳಗೆ ‘ಎರರ್ 28: ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂದೂ ಬಂತು. ಡಿಸ್ಕ್ ತುಂಬಿದೆಯೆಂದು ತಿಳಿದು ಹಳೆಯ ಲಾಗ್ ಕಡತಗಳನ್ನು ಅಳಿಸಿದೆವು. ಈಗ ಡಿಸ್ಕ್ ಅರ್ಧಕ್ಕಿಂತ ಹೆಚ್ಚು ಖಾಲಿಯಿದೆ, ಮೆಮೊರಿಯೂ ಧಾರಾಳವಾಗಿದೆ, ಆದರೂ ಅದೇ ಸಂದೇಶ. ಹಳೆಯ ಗಾತ್ರಕ್ಕೆ ಮರಳೋಣವೆಂದರೆ ಡೇಟಾಬೇಸ್ ಏಳದೆ ಬದಲಾಯಿಸುವುದು ಹೇಗೆಂದು ತಿಳಿಯುತ್ತಿಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಸಂದೇಶದ ಮೊದಲ ಸಾಲು ಒರಾಕಲ್‌ನ ಮಾತು, ಎರಡನೆಯ ಸಾಲು ಕಾರ್ಯಾಚರಣ ವ್ಯವಸ್ಥೆಯ ಮಾತು. ನಂಬಬೇಕಾದದ್ದು ಎರಡನೆಯದನ್ನು, ಅದರಲ್ಲಿಯೂ ಪದಗಳನ್ನಲ್ಲ, ಸಂಖ್ಯೆಯನ್ನು. ಡೇಟಾಬೇಸ್ ಆರಂಭವಾಗುವಾಗ ತನ್ನ ಎಲ್ಲ ಪ್ರಕ್ರಿಯೆಗಳೂ ಕೂಡಿ ಬಳಸುವ ದೊಡ್ಡದೊಂದು ಮೆಮೊರಿ ಭಾಗವನ್ನು, ಅಂದರೆ ಶೇರ್ಡ್ ಮೆಮೊರಿಯನ್ನು, ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನಿಂದ ಕೇಳಿ ಪಡೆಯುತ್ತದೆ. ಹಾಗೆ ಕೇಳುವ ಕರೆಯ ಹೆಸರು ಶೆಮ್‌ಗೆಟ್. 1983ರಲ್ಲಿ ಹೊರಬಂದ ಸಿಸ್ಟಮ್ ಫೈವ್ ಯುನಿಕ್ಸ್‌ನ ಕಾಲದಿಂದ ಈ ಕರೆ ಬಹುಮಟ್ಟಿಗೆ ಬದಲಾಗದೆ ಉಳಿದಿದೆ. ಕರ್ನಲ್ ಈ ಕೋರಿಕೆಯನ್ನು ನಿರಾಕರಿಸುವಾಗ ಸಾಮಾನ್ಯವಾಗಿ ಮೂರು ಸಂಖ್ಯೆಗಳಲ್ಲಿ ಒಂದನ್ನು ಹಿಂದಿರುಗಿಸುತ್ತದೆ. 22 ಬಂದರೆ ಕೇಳಿದ ಒಂದು ತುಂಡಿನ ಗಾತ್ರವು ಮಿತಿಗಿಂತ ದೊಡ್ಡದಾಯಿತೆಂದು ಅರ್ಥ. 28 ಬಂದರೆ ಇಡೀ ಯಂತ್ರದಲ್ಲಿ ಶೇರ್ಡ್ ಮೆಮೊರಿಗೆಂದು ಹಾಕಿರುವ ಒಟ್ಟು ಮಿತಿ ಮೀರಿತು, ಅಥವಾ ತುಂಡುಗಳ ಎಣಿಕೆಯ ಮಿತಿ ಮುಗಿಯಿತು. 12 ಬಂದರೆ ಮಾತ್ರ ಮೆಮೊರಿಯ ಕೊರತೆಯೇ ಕಾರಣವೆಂದು ಶಂಕಿಸಬೇಕು. ಈ ಮೂರಕ್ಕೂ ಒರಾಕಲ್ ‘ಔಟ್ ಆಫ್ ಮೆಮೊರಿ’ ಎಂಬ ಒಂದೇ ಹಣೆಪಟ್ಟಿ ಅಂಟಿಸುವುದರಿಂದ ಇಷ್ಟೆಲ್ಲ ಗೊಂದಲ ಹುಟ್ಟುತ್ತದೆ.

28 ಎಂಬ ಸಂಖ್ಯೆ ಮೂಲತಃ ಡಿಸ್ಕ್ ತುಂಬಿದಾಗ ಬರುವಂಥದ್ದು. ಶೇರ್ಡ್ ಮೆಮೊರಿಯನ್ನು ರೂಪಿಸಿದವರು ಹೊಸದೊಂದು ಸಂಖ್ಯೆಯನ್ನು ಸೃಷ್ಟಿಸದೆ ಇದ್ದದ್ದನ್ನೇ ಬಳಸಿಕೊಂಡರು. ಅದರೊಡನೆ ಬರುವ ‘ಡಿವೈಸ್‌ನಲ್ಲಿ ಜಾಗವಿಲ್ಲ’ ಎಂಬ ವಾಕ್ಯವೂ ಹಾಗೆಯೇ ಉಳಿದುಕೊಂಡಿತು. ಪ್ರಕ್ರಿಯೆಗಳು ಒಂದಕ್ಕೊಂದು ಅಡ್ಡಬರದಂತೆ ಸರದಿ ಕಾಯಲು ಬಳಸುವ ಸೆಮಾಫೋರ್‌ಗಳ ಮಿತಿ ಮುಗಿದಾಗಲೂ ಇದೇ 28 ಬರುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಅಂಥ ಸಂದರ್ಭದಲ್ಲಿ ತನ್ನ ಸಂದೇಶದ ಕೆಳಗೆ ‘ಇದರ ಅರ್ಥ ಡಿಸ್ಕ್‌ನಲ್ಲಿ ಜಾಗ ಮುಗಿದಿದೆ ಎಂದಲ್ಲ’ ಎಂಬ ಸೂಚನೆಯನ್ನೇ ಮುದ್ರಿಸುತ್ತದೆ. ಒರಾಕಲ್ ಆ ಉಪಕಾರ ಮಾಡುವುದಿಲ್ಲ. ಅಂದಹಾಗೆ, ನೀವು ಅಳಿಸಿದ ಕಡತಗಳಲ್ಲಿ ಡೇಟಾದ ಬದಲಾವಣೆಗಳನ್ನು ದಾಖಲಿಸುವ ಆರ್ಕೈವ್ ಲಾಗ್‌ಗಳೂ ಇದ್ದಿದ್ದರೆ, ಹಳೆಯ ಬ್ಯಾಕಪ್‌ನಿಂದ ಇಂದಿನವರೆಗೆ ಡೇಟಾವನ್ನು ಮರಳಿ ಪಡೆಯುವ ಸರಪಳಿ ಈಗ ತುಂಡಾಗಿದೆ; ಡೇಟಾಬೇಸ್ ಎದ್ದ ಕೂಡಲೇ ಬೇರೆಲ್ಲ ಕೆಲಸ ಬಿಟ್ಟು ಪೂರ್ಣ ಬ್ಯಾಕಪ್ ತೆಗೆದುಕೊಳ್ಳಿ.

ಈಗ ಮಿತಿಯ ವಿಷಯಕ್ಕೆ ಬರೋಣ. ಐಪಿಸಿಎಸ್ ಆಜ್ಞೆಗೆ ‘ಎಲ್’ ಆಯ್ಕೆಯನ್ನು ಕೊಟ್ಟರೆ ಮಿತಿಗಳ ಪಟ್ಟಿ ಬರುತ್ತದೆ. ಅದರಲ್ಲಿ ಒಟ್ಟು ಶೇರ್ಡ್ ಮೆಮೊರಿಯ ಸಾಲಿನಲ್ಲಿ 8388608 ಕಿಲೋಬೈಟ್, ಅಂದರೆ 8 ಜಿಬಿ, ಎಂದಿರುವ ಸಂಭವ ಬಹಳ ಹೆಚ್ಚು. ಇದು ಊಹೆಯಾದರೂ ಬರಿಯ ಅಂದಾಜಲ್ಲ. ಒರಾಕಲ್‌ನ ಹಳೆಯ ಅಳವಡಿಕೆ ಕೈಪಿಡಿಗಳಲ್ಲಿ ಶೆಮ್‌ಆಲ್ ಎಂಬ ಕರ್ನಲ್ ಮೌಲ್ಯಕ್ಕೆ ಕನಿಷ್ಠವೆಂದು 2097152 ಎಂಬ ಸಂಖ್ಯೆಯನ್ನು ಕೊಡಲಾಗಿತ್ತು, ಮತ್ತು ಅಳವಡಿಸುವವರು ಅದನ್ನು ಕನಿಷ್ಠವೆಂದು ಓದದೆ, ಇದೇ ಸರಿಯಾದ ಮೌಲ್ಯವೆಂದು ತಿಳಿದು ಕರ್ನಲ್ ಮೌಲ್ಯಗಳನ್ನು ಬರೆದಿಡುವ ಸಿಸ್‌ಕಂಟ್ರೋಲ್ ಕಡತಕ್ಕೆ ಹಾಗೆಯೇ ನಕಲು ಮಾಡುತ್ತಾ ಬಂದರು. ಶೆಮ್‌ಆಲ್‌ನ ಅಳತೆ ಬೈಟ್‌ಗಳಲ್ಲಿ ಇರುವುದಿಲ್ಲ, ಮೆಮೊರಿ ಪುಟಗಳಲ್ಲಿ ಇರುತ್ತದೆ. ಒಂದು ಪುಟಕ್ಕೆ 4096 ಬೈಟ್ ಎಂದು ಲೆಕ್ಕ ಹಾಕಿದರೆ 2097152 ಪುಟಗಳಿಗೆ ಸರಿಯಾಗಿ 8 ಜಿಬಿ ಆಗುತ್ತದೆ. ನಿಮ್ಮ 6 ಜಿಬಿಯ ಎಸ್‌ಜಿಎ ಇದರೊಳಗೆ ಹಿಡಿಸುತ್ತಿತ್ತು. 12 ಜಿಬಿ ಹಿಡಿಸಲಿಲ್ಲ. ಮೆಮೊರಿಯ ಹಲಗೆಗಳನ್ನು ಎಷ್ಟು ಸೇರಿಸಿದರೂ ಈ ಮಿತಿ ತಾನಾಗಿ ಏರುವುದಿಲ್ಲ.

ಸರಿಪಡಿಸಲು ಶೆಮ್‌ಆಲ್ ಮೌಲ್ಯವನ್ನು 4194304ಕ್ಕೆ ಏರಿಸಿ. ಅದು 16 ಜಿಬಿ ಆಗುತ್ತದೆ. 12 ಜಿಬಿಗೆ 3145728 ಪುಟಗಳು ಸಾಕಾದರೂ ಅದೇ ಯಂತ್ರದಲ್ಲಿ ಶೇರ್ಡ್ ಮೆಮೊರಿ ಬಳಸುವ ಬೇರೆ ತಂತ್ರಾಂಶಗಳೂ ಇರಬಹುದಾದ್ದರಿಂದ ಸ್ವಲ್ಪ ಸಡಿಲ ಬಿಡುವುದು ಒಳ್ಳೆಯದು. ಇದರ ಜೊತೆಯ ಶೆಮ್‌ಮ್ಯಾಕ್ಸ್ ಒಂದು ತುಂಡಿನ ಗರಿಷ್ಠ ಗಾತ್ರ, ಮತ್ತು ಅದರ ಅಳತೆ ಬೈಟ್‌ಗಳಲ್ಲಿದೆ. 16 ಜಿಬಿಗೆ 17179869184. ಒಂದು ಪುಟಗಳಲ್ಲಿ, ಇನ್ನೊಂದು ಬೈಟ್‌ಗಳಲ್ಲಿ ಇರುವುದನ್ನು ಗಮನಿಸದೆ ಎರಡಕ್ಕೂ ಒಂದೇ ಸಂಖ್ಯೆ ಬರೆಯುವವರಿದ್ದಾರೆ. ಶೆಮ್‌ಆಲ್‌ಗೆ ಬೈಟ್ ಸಂಖ್ಯೆ ಬಿದ್ದರೆ ಮಿತಿ ವಿಪರೀತ ದೊಡ್ಡದಾಗುತ್ತದೆಯೇ ಹೊರತು ಡೇಟಾಬೇಸ್ ಏಳುವುದಕ್ಕೆ ಅಡ್ಡಿಯಿಲ್ಲ. ಶೆಮ್‌ಮ್ಯಾಕ್ಸ್‌ಗೆ ಪುಟಗಳ ಸಂಖ್ಯೆ ಬಿದ್ದರೆ ಮಿತಿಯು ಕೆಲವೇ ಎಂಬಿಗೆ ಇಳಿದುಬಿಡುತ್ತದೆ. ಎಲ್ಲ ಯಂತ್ರಗಳಲ್ಲಿಯೂ ಪುಟದ ಗಾತ್ರ 4096 ಬೈಟ್ ಇರುವುದಿಲ್ಲ. ಐಬಿಎಂ ಪವರ್ ಯಂತ್ರಗಳ ಲಿನಕ್ಸ್‌ಗಳಲ್ಲಿ 64 ಕೆಬಿ ಪುಟಗಳಿರುವುದೂ ಉಂಟು. ಗೆಟ್‌ಕಾನ್ಫ್ ಆಜ್ಞೆಯಿಂದ ಪೇಜ್ ಸೈಜ್ ಕೇಳಿ ನೋಡಿದ ಮೇಲೆಯೇ ಗುಣಾಕಾರ ಮಾಡಿ.

ಲಿನಕ್ಸ್ ಕರ್ನಲ್ 3.16ರಿಂದ, ಅಂದರೆ 2014ರಿಂದ, ಈ ಎರಡೂ ಮೌಲ್ಯಗಳು ಮೊದಲೇ ಎಷ್ಟು ದೊಡ್ಡದಾಗಿರುತ್ತವೆಂದರೆ ಅವನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಅದಕ್ಕೂ ಹಿಂದೆ ಶೆಮ್‌ಮ್ಯಾಕ್ಸ್‌ನ ಮೂಲ ಮೌಲ್ಯ ಬರೇ 32 ಎಂಬಿ ಇತ್ತು. ಆದರೆ ಹೊಸ ಸರ್ವರ್‌ಗೆ ಹೋಗುವಾಗ ಹಳೆಯ ಸಿಸ್‌ಕಂಟ್ರೋಲ್ ಕಡತವನ್ನೂ ಹೊತ್ತುಕೊಂಡು ಹೋಗುವ ರೂಢಿಯಿಂದಾಗಿ, ಹೊಸ ಕರ್ನಲ್ ಉದಾರವಾಗಿ ಕೊಟ್ಟದ್ದನ್ನು ನಾವೇ ಹಳೆಯ ಸಾಲಿನಿಂದ ಕಡಿತಗೊಳಿಸುತ್ತೇವೆ. ಮೌಲ್ಯ ಬದಲಾಯಿಸಿದ ಮೇಲೆ ಸಿಸ್‌ಕಂಟ್ರೋಲ್ ಆಜ್ಞೆಯನ್ನು ‘ಪಿ’ ಆಯ್ಕೆಯೊಂದಿಗೆ ಕೊಟ್ಟರೆ ಅದು ಮುಖ್ಯ ಕಡತವನ್ನು ಮಾತ್ರ ಓದುತ್ತದೆ; ಸಿಸ್‌ಕಂಟ್ರೋಲ್ ಡಾಟ್ ಡಿ ಎಂಬ ಡೈರೆಕ್ಟರಿಯ ಕಡತಗಳನ್ನೂ ಓದಿಸಲು ‘ಸಿಸ್ಟಮ್’ ಆಯ್ಕೆ ಬೇಕು. ಆ ಡೈರೆಕ್ಟರಿಯಲ್ಲಿ ಒರಾಕಲ್‌ಗೆಂದು ಬೇರೊಂದು ಕಡತವಿದ್ದು ಅದರಲ್ಲಿ ಹಳೆಯ ಸಂಖ್ಯೆಯೇ ಕುಳಿತಿದ್ದರೆ, ಇಂದು ಏಳುವ ಡೇಟಾಬೇಸ್ ಮುಂದಿನ ರೀಬೂಟ್‌ನ ನಂತರ ಮತ್ತೆ ಏಳದೆ ಹೋಗಬಹುದು.

ಕೊನೆಯದಾಗಿ, ಹಳೆಯ ಗಾತ್ರಕ್ಕೆ ಮರಳುವ ಪ್ರಶ್ನೆ. ಡೇಟಾಬೇಸ್ ಏಳದಿದ್ದರೂ ಎಸ್‌ಕ್ಯೂಎಲ್ ಪ್ಲಸ್‌ಗೆ ಸಿಸ್‌ಡಿಬಿಎ ಆಗಿ ಪ್ರವೇಶಿಸಬಹುದು, ಮತ್ತು ಅಲ್ಲಿಂದ ‘ಕ್ರಿಯೇಟ್ ಪಿಫೈಲ್ ಫ್ರಮ್ ಎಸ್‌ಪಿಫೈಲ್’ ಎಂಬ ಆಜ್ಞೆ ಕೊಟ್ಟರೆ ಎಸ್‌ಪಿಫೈಲ್, ಅಂದರೆ ಒರಾಕಲ್ ತನ್ನ ಆರಂಭದ ಮೌಲ್ಯಗಳನ್ನು ಇಟ್ಟುಕೊಳ್ಳುವ ಕಡತದ, ಒಳಗಿನ ಮೌಲ್ಯಗಳೆಲ್ಲ ಪಿಫೈಲ್ ಎಂಬ ಸಾಮಾನ್ಯ ಪಠ್ಯ ಕಡತವೊಂದಕ್ಕೆ ಇಳಿಯುತ್ತವೆ. ಹೊಸ ಕಡತಕ್ಕೆ ಬೇರೆ ಹೆಸರನ್ನೂ ಬೇರೆ ಜಾಗವನ್ನೂ ಕೊಡಿ. ಅದರಲ್ಲಿ ಎಸ್‌ಜಿಎ ಗಾತ್ರವನ್ನು ತಿದ್ದಿ, ಆ ಪಿಫೈಲ್‌ನಿಂದಲೇ ಸ್ಟಾರ್ಟಪ್ ಮಾಡಿ. ಎದ್ದ ನಂತರ ಅದರಿಂದ ಹೊಸ ಎಸ್‌ಪಿಫೈಲ್ ರಚಿಸಿಕೊಂಡರಾಯಿತು. ಎಸ್‌ಪಿಫೈಲನ್ನು ನೇರವಾಗಿ ಎಡಿಟರ್‌ನಲ್ಲಿ ತೆರೆದು ತಿದ್ದುವ ಸಾಹಸಕ್ಕೆ ಹೋಗಬೇಡಿ. ಅದು ನೋಡಲು ಪಠ್ಯದಂತಿದ್ದರೂ ಬೈನರಿ ಕಡತ, ಉಳಿಸಿದರೆ ಕೆಡುತ್ತದೆ. ಶಾಖೆಗಳು ಬೆಳಿಗ್ಗೆ ತೆರೆಯುವ ಮೊದಲು ಈ ದಾರಿಯಿಂದ 6 ಜಿಬಿಯಲ್ಲಿಯೇ ಎಬ್ಬಿಸಿ, ಮಿತಿಯ ಬದಲಾವಣೆಯನ್ನು ರಜೆಯ ದಿನಕ್ಕೆ ಇಟ್ಟುಕೊಳ್ಳುವುದು ನನ್ನ ಸಲಹೆ.

ಪ್ರಶ್ನೆ: ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಪೋಸ್ಟ್‌ಗ್ರೆಸ್ ಸರ್ವರ್ ಇಟ್ಟಿದ್ದೇವೆ. ಅದು ನಿಧಾನವಾಯಿತೆಂದು ವಿದ್ಯಾರ್ಥಿಯೊಬ್ಬ ಮುಖ್ಯ ಪ್ರಕ್ರಿಯೆಯನ್ನು ‘ಕಿಲ್ -9’ ಆಜ್ಞೆಯಿಂದ ಬಲವಂತವಾಗಿ ನಿಲ್ಲಿಸಿದ. ಈಗ ಆರಂಭಿಸಿದರೆ ಮೊದಲಿದ್ದ ಶೇರ್ಡ್ ಮೆಮೊರಿ ಇನ್ನೂ ಬಳಕೆಯಲ್ಲಿದೆ ಎಂಬ ಸಂದೇಶ ಬರುತ್ತದೆ. ಮುಖ್ಯ ಪ್ರಕ್ರಿಯೆಯ ಸಂಖ್ಯೆಯನ್ನು ಬರೆದಿಡುವ ಪೋಸ್ಟ್‌ಮಾಸ್ಟರ್ ಡಾಟ್ ಪಿಐಡಿ ಕಡತವನ್ನು ಅಳಿಸಿದರೆ ಸರಿಹೋಗುತ್ತದೆಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಅಳಿಸಬಹುದೇ?
– ಉಪನ್ಯಾಸಕರು, ತುಮಕೂರು

ಉತ್ತರ: ದಯವಿಟ್ಟು ಅಳಿಸಬೇಡಿ. ‘ಕಿಲ್ -9’ ಮಾಡಿದಾಗ ಮುಖ್ಯ ಪ್ರಕ್ರಿಯೆ ಮಾತ್ರ ಸಾಯುತ್ತದೆ. ಅದು ಹುಟ್ಟಿಸಿದ ಮಕ್ಕಳ ಪೈಕಿ ಕೆಲವು, ಮುಖ್ಯವಾಗಿ ದೀರ್ಘ ಪ್ರಶ್ನೆಯೊಂದನ್ನು (ಕ್ವೆರಿ) ನಡೆಸುತ್ತಿರುವವು, ತಾಯಿ ಹೋದದ್ದು ತಿಳಿಯದೆ ಕೆಲಸ ಮುಂದುವರಿಸಿರುತ್ತವೆ. ಹಳೆಯ ಮೆಮೊರಿಗೆ ಅವು ಇನ್ನೂ ಅಂಟಿಕೊಂಡಿರುವುದನ್ನು ಕಂಡುಕೊಂಡೇ ಪೋಸ್ಟ್‌ಗ್ರೆಸ್ ಏಳಲು ಒಪ್ಪುತ್ತಿಲ್ಲ. ಇದು ಮೆಮೊರಿಯ ಕೊರತೆಯಂತೆ ಕಂಡರೂ ವಾಸ್ತವವಾಗಿ ಕಾವಲು. ಪಿಐಡಿ ಕಡತವನ್ನು ಅಳಿಸಿ ಆ ಕಾವಲನ್ನು ತೆಗೆದುಬಿಟ್ಟರೆ, ಹಳೆಯ ಪ್ರಕ್ರಿಯೆಗಳೂ ಹೊಸ ಸರ್ವರೂ ಪರಸ್ಪರ ಅರಿವಿಲ್ಲದೆ ಒಂದೇ ಡೇಟಾ ಡೈರೆಕ್ಟರಿಗೆ ಬರೆಯತೊಡಗುತ್ತವೆ, ಮತ್ತು ಹಾಗೆ ಕೆಟ್ಟ ಡೇಟಾವನ್ನು ಸರಿಪಡಿಸುವ ಉಪಾಯ ಬ್ಯಾಕಪ್ ಬಿಟ್ಟರೆ ಬೇರೆ ಇಲ್ಲ.

ಪಿಎಸ್ ಆಜ್ಞೆಯಿಂದ ಪೋಸ್ಟ್‌ಗ್ರೆಸ್ ಹೆಸರಿನ ಪ್ರಕ್ರಿಯೆಗಳನ್ನು ಹುಡುಕಿ, ಉಳಿದವುಗಳಿಗೆ ಸಾಮಾನ್ಯ ಕಿಲ್ ಸಂಕೇತವನ್ನು, ಅಂದರೆ ಟರ್ಮ್ ಅನ್ನು, ಕಳಿಸಿ. ಐಪಿಸಿಎಸ್‌ಗೆ ‘ಎಂ’ ಆಯ್ಕೆ ಕೊಟ್ಟರೆ ಬರುವ ಪಟ್ಟಿಯಲ್ಲಿ ಎನ್‌ಅಟ್ಯಾಚ್ ಎಂಬ ಅಂಕಣವಿದೆ. ಆ ತುಂಡಿಗೆ ಎಷ್ಟು ಪ್ರಕ್ರಿಯೆಗಳು ಅಂಟಿಕೊಂಡಿವೆ ಎಂಬುದನ್ನು ಅದು ಹೇಳುತ್ತದೆ. ಅದು ಸೊನ್ನೆಗೆ ಇಳಿದ ಮೇಲೆ ಪೋಸ್ಟ್‌ಗ್ರೆಸ್ ಹಳೆಯ ತುಂಡನ್ನು ತಾನೇ ತೆಗೆದುಹಾಕಿ ಏಳುತ್ತದೆ.

ಒರಾಕಲ್ ಇಟ್ಟುಕೊಂಡವರಿಗೂ ಇಲ್ಲೊಂದು ಮಾತು ಸೇರಿಸುತ್ತೇನೆ. ಸಿಸ್ಟಮ್ ಫೈವ್ ಬಗೆಯ ಶೇರ್ಡ್ ಮೆಮೊರಿಯು ಅದನ್ನು ಪಡೆದ ಪ್ರಕ್ರಿಯೆ ಸತ್ತ ಮೇಲೂ ಉಳಿಯುತ್ತದೆ. ಯಾರಾದರೂ ತೆಗೆಯಬೇಕು ಅಥವಾ ಯಂತ್ರ ರೀಬೂಟ್ ಆಗಬೇಕು. ಅಪಘಾತದಿಂದ ನಿಂತ ಡೇಟಾಬೇಸ್ ಹೀಗೆ ಹಲವು ಜಿಬಿ ಮೆಮೊರಿಯನ್ನು ಹಿಡಿದಿಟ್ಟು, ಮತ್ತೆ ಏಳುವಾಗ ತನಗೇ ಜಾಗವಿಲ್ಲದಂತೆ ಮಾಡಿಕೊಳ್ಳಬಹುದು. ಐಪಿಸಿಆರ್‌ಎಂ ಆಜ್ಞೆಯಿಂದ ಅದನ್ನು ತೆಗೆಯಬಹುದಾದರೂ, ಒಂದೇ ಯಂತ್ರದಲ್ಲಿ ಎರಡು ಮೂರು ಡೇಟಾಬೇಸ್‌ಗಳಿದ್ದಾಗ ಯಾವ ತುಂಡು ಯಾರದೆಂದು ಐಪಿಸಿಎಸ್ ಪಟ್ಟಿಯಿಂದ ಖಚಿತವಾಗಿ ತಿಳಿಯುವುದು ಕಷ್ಟ. ಒರಾಕಲ್ ಜೊತೆಗೇ ಬರುವ ಸಿಸ್‌ರೆಸ್ವ್ ಎಂಬ ಸಾಧನವು ನೀವು ಹೇಳಿದ ಡೇಟಾಬೇಸಿಗೆ ಸೇರಿದ ತುಂಡುಗಳನ್ನು ಮಾತ್ರ ತೋರಿಸುತ್ತದೆ. ಅದನ್ನು ನೋಡದೆ ಐಪಿಸಿಆರ್‌ಎಂ ಮುಟ್ಟುವುದು ಸಲ್ಲದು. ಕರೆಂಟು ಹೋಗಿ ಸರ್ವರ್ ಪೂರ್ತಿ ಆರಿದ್ದರೆ ಈ ಹುಡುಕಾಟದ ಅಗತ್ಯವೇ ಇಲ್ಲ, ಏಕೆಂದರೆ ಆಗ ಯಾವ ತುಂಡೂ ಉಳಿದಿರುವುದಿಲ್ಲ.

ಪ್ರಶ್ನೆ: ನಮ್ಮ ಪುಟ್ಟ ಸಂಸ್ಥೆಯ ಜಾಲತಾಣವು 1 ಜಿಬಿ ಮೆಮೊರಿಯ ಕ್ಲೌಡ್ ಯಂತ್ರದಲ್ಲಿದೆ. ಅದರಲ್ಲಿ ಜಾಲಪುಟಗಳನ್ನು ಕಳಿಸುವ ಅಪಾಚೆ, ಪಿಎಚ್‌ಪಿ ಭಾಷೆ, ಮೈಎಸ್‌ಕ್ಯೂಎಲ್ ಡೇಟಾಬೇಸ್ ಮೂರೂ ಇವೆ. ಆಗಾಗ ಮೈಎಸ್‌ಕ್ಯೂಎಲ್ ತಾನಾಗಿ ನಿಲ್ಲುತ್ತದೆ, ಮತ್ತೆ ಆರಂಭಿಸಿದರೆ 137363456 ಬೈಟ್‌ಗಳ ಎಂಮ್ಯಾಪ್ (ಮೆಮೊರಿ ಕೋರಿಕೆ) ವಿಫಲವಾಯಿತು, ಎರರ್ 12 ಎಂದು ಲಾಗ್‌ನಲ್ಲಿ ಬರುತ್ತದೆ. ಬಫರ್ ಪೂಲ್, ಅಂದರೆ ಮೈಎಸ್‌ಕ್ಯೂಎಲ್ ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ, ಕಡಿಮೆ ಮಾಡಬೇಕೆಂದು ಓದಿದೆ. ಸರಿಯೇ?
– ಓದುಗರು, ಮಂಗಳೂರು

ಉತ್ತರ: ಇಲ್ಲಿ ಬಂದಿರುವುದು 12, ಆದ್ದರಿಂದ ನಿಮ್ಮದು ನಿಜವಾದ ಕೊರತೆ. ಆದರೆ ಮೈಎಸ್‌ಕ್ಯೂಎಲ್ ಕೇಳುತ್ತಿರುವುದು ಸುಮಾರು 131 ಎಂಬಿ ಮಾತ್ರ. ಬಫರ್ ಪೂಲ್‌ನ ಮೂಲ ಗಾತ್ರ 128 ಎಂಬಿ, ಅದರ ಮೇಲೆ ನಿರ್ವಹಣೆಗೆ ಬೇಕಾದಷ್ಟು. 1 ಜಿಬಿ ಯಂತ್ರದಲ್ಲಿ ಅಷ್ಟೂ ಸಿಗದಿದ್ದರೆ ಉಳಿದದ್ದನ್ನು ಯಾರು ಹಿಡಿದಿದ್ದಾರೆ ಎಂದು ಮೊದಲು ಕೇಳಬೇಕು. ನಿಮ್ಮ ಪ್ರಕರಣದಲ್ಲಿ ಅಪಾಚೆಯ ಮೇಲೆಯೇ ನನ್ನ ಅನುಮಾನ. ಪಿಎಚ್‌ಪಿಯನ್ನು ತನ್ನೊಳಗೇ ಇಟ್ಟುಕೊಂಡ ಪ್ರೀಫೋರ್ಕ್ ವಿಧಾನದ ಅಪಾಚೆಯಲ್ಲಿ ಏಕಕಾಲಕ್ಕೆ ನಡೆಯಬಹುದಾದ ಪ್ರಕ್ರಿಯೆಗಳ ಮೂಲ ಮಿತಿ 256. ಒಂದೊಂದೂ 50 ಎಂಬಿ ತಿನ್ನುತ್ತದೆಂದು ಇಟ್ಟುಕೊಂಡರೂ, ಇಪ್ಪತ್ತು ಜನ ಒಟ್ಟಿಗೆ ಬಂದಾಗಲೇ ಯಂತ್ರದ ಮೆಮೊರಿ ಮುಗಿಯುತ್ತದೆ.

ಹಾಗೆ ಮುಗಿದಾಗ ಲಿನಕ್ಸ್ ಕರ್ನಲ್ ಯಾವುದಾದರೂ ಒಂದು ಪ್ರಕ್ರಿಯೆಯನ್ನು ಕೊಂದು ಮೆಮೊರಿ ಬಿಡಿಸುತ್ತದೆ. ಹೆಚ್ಚು ಮೆಮೊರಿ ಹಿಡಿದಿರುವ ಒಂಟಿ ಪ್ರಕ್ರಿಯೆಯೇ ಸಾಮಾನ್ಯವಾಗಿ ಅದರ ಕಣ್ಣಿಗೆ ಬೀಳುತ್ತದೆ. ಅಪಾಚೆ ತನ್ನ ಹೊರೆಯನ್ನು ಹತ್ತಾರು ಸಣ್ಣ ಪ್ರಕ್ರಿಯೆಗಳಲ್ಲಿ ಹಂಚಿಕೊಂಡಿರುವುದರಿಂದ ಪಾರಾಗುತ್ತದೆ, ಒಂದೇ ಪ್ರಕ್ರಿಯೆಯಾಗಿರುವ ಮೈಎಸ್‌ಕ್ಯೂಎಲ್ ಬಲಿಯಾಗುತ್ತದೆ. ಕೂಡಲೇ ಮತ್ತೆ ಆರಂಭಿಸಲು ಹೋದರೆ ಅಪಾಚೆಯ ದಟ್ಟಣೆ ಇನ್ನೂ ಇಳಿದಿರುವುದಿಲ್ಲವಾಗಿ ನೀವು ಕಂಡ ಎಂಮ್ಯಾಪ್ ಸಂದೇಶ ಬರುತ್ತದೆ. ಹೀಗೇ ಆಯಿತೇ ಎಂಬುದನ್ನು ಡಿಮೆಸೇಜ್ ಆಜ್ಞೆಯ ಹೊರಪಾಠದಲ್ಲಿ ಅಥವಾ ಕರ್ನಲ್ ಜರ್ನಲ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಸಾಲು ಹುಡುಕಿ ಖಚಿತಪಡಿಸಿಕೊಳ್ಳಿ. ಮೈಎಸ್‌ಕ್ಯೂಎಲ್‌ನ ಸ್ವಂತ ಲಾಗ್‌ನಲ್ಲಿ ಅದು ಸತ್ತ ಕಾರಣ ಸಿಗುವುದಿಲ್ಲ, ಏಕೆಂದರೆ ಬರೆಯಲು ಅದಕ್ಕೆ ಕ್ಷಣವೂ ದೊರೆತಿರುವುದಿಲ್ಲ.

ಬಫರ್ ಪೂಲನ್ನು 64 ಎಂಬಿಗೆ ಇಳಿಸಿದರೆ ಕೆಲವು ದಿನ ಸುಧಾರಿಸಿದಂತೆ ಕಾಣಬಹುದು, ಆದರೆ ಉಳಿಸಿದ 64 ಎಂಬಿಯನ್ನು ಇನ್ನೊಂದು ಅಪಾಚೆ ಪ್ರಕ್ರಿಯೆ ನುಂಗುತ್ತದೆ. ಬದಲಿಗೆ ಅಪಾಚೆಯ ಪ್ರಕ್ರಿಯೆಗಳ ಮಿತಿಯನ್ನು ಎಂಟು ಹತ್ತಕ್ಕೆ ಇಳಿಸಿ. ಅನೇಕ ಕ್ಲೌಡ್ ಯಂತ್ರಗಳು ಸ್ವಾಪ್, ಅಂದರೆ ಮೆಮೊರಿ ತುಂಬಿದಾಗ ಬಳಸುವ ಡಿಸ್ಕ್ ಜಾಗ, ಇಲ್ಲದೆಯೇ ಬರುತ್ತವೆ. ನಿಮ್ಮದೂ ಹಾಗಿದ್ದರೆ 2 ಜಿಬಿಯ ಸ್ವಾಪ್ ಕಡತವೊಂದನ್ನು ಮಾಡಿ, ರೂಟ್ ಹೊರತು ಬೇರಾರೂ ಓದಲಾಗದಂತೆ ಅನುಮತಿಯನ್ನು 600ಕ್ಕೆ ಇಟ್ಟು, ಎಂಕೆಸ್ವಾಪ್ ಮತ್ತು ಸ್ವಾಪ್‌ಆನ್ ಆಜ್ಞೆಗಳಿಂದ ಬಳಕೆಗೆ ತನ್ನಿ, ರೀಬೂಟ್ ನಂತರವೂ ಉಳಿಯುವಂತೆ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಸೇರಿಸಿ. ಸ್ವಾಪ್ ನಿಧಾನ ನಿಜ, ಆದರೆ ಹತ್ತು ನಿಮಿಷದ ದಟ್ಟಣೆಯಲ್ಲಿ ಡೇಟಾಬೇಸ್ ಸಾಯುವುದಕ್ಕಿಂತ ನಿಧಾನವಾಗುವುದು ಮೇಲು. ಇನ್ನು ಫ್ರೀ ಆಜ್ಞೆಯ ಹೊರಪಾಠದಲ್ಲಿ ‘ಫ್ರೀ’ ಅಂಕಣವನ್ನು ನೋಡಿ ಗಾಬರಿಯಾಗಬೇಡಿ. ಲಿನಕ್ಸ್ ಖಾಲಿ ಮೆಮೊರಿಯನ್ನು ಕಡತಗಳ ಕ್ಯಾಶ್‌ಗೆ ಬಳಸಿಕೊಂಡು, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು ‘ಅವೈಲಬಲ್’ ಅಂಕಣವನ್ನು.

ಪ್ರಶ್ನೆ: ಯುನಿಕ್ಸ್‌ನ ಒಂದು ಬಗೆಯಾದ ಸೊಲಾರಿಸ್ 10 ಇರುವ ಹಳೆಯ ಯಂತ್ರವೊಂದು ಇನ್ನೂ ನಮ್ಮ ಕಚೇರಿಯಲ್ಲಿದೆ, ಮೆಮೊರಿ 16 ಜಿಬಿ. ಅದರಲ್ಲಿ ತಲಾ 3 ಜಿಬಿ ಎಸ್‌ಜಿಎ ಇರುವ ಎರಡು ಒರಾಕಲ್ ಡೇಟಾಬೇಸ್‌ಗಳನ್ನು ಇಡಬೇಕಾಗಿದೆ. ಯಾವುದನ್ನು ಮೊದಲು ಆರಂಭಿಸಿದರೂ ಅದು ಏಳುತ್ತದೆ. ಎರಡನೆಯದು ‘ಔಟ್ ಆಫ್ ಮೆಮೊರಿ, ಎರರ್ 22: ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎನ್ನುತ್ತದೆ. ಇಟಿಸಿ ಸಿಸ್ಟಮ್ ಕಡತದಲ್ಲಿ ಶೆಮ್‌ಮ್ಯಾಕ್ಸ್ ಹೆಚ್ಚಿಸಿದೆ, ಫಲವಿಲ್ಲ.
– ಕನ್ನಡಿಗ ಓದುಗರು, ಮುಂಬೈ

ಉತ್ತರ: ಯಾವುದು ಮೊದಲಾದರೂ ಏಳುತ್ತದೆ ಎಂಬ ನಿಮ್ಮ ಗಮನಿಕೆಯಲ್ಲಿಯೇ ಉತ್ತರದ ಅರ್ಧ ಭಾಗವಿದೆ. ಒಂದೊಂದು ಡೇಟಾಬೇಸಿನ ಗಾತ್ರದಲ್ಲಿ ತೊಂದರೆಯಿಲ್ಲ, ಎರಡೂ ಸೇರಿದಾಗ ಏನೋ ಮೀರುತ್ತಿದೆ. 2005ರಲ್ಲಿ ಬಂದ ಸೊಲಾರಿಸ್ 10ರಲ್ಲಿ ಶೇರ್ಡ್ ಮೆಮೊರಿಯ ಮಿತಿಯನ್ನು ಇಟಿಸಿ ಸಿಸ್ಟಮ್ ಕಡತದಿಂದ ‘ಪ್ರಾಜೆಕ್ಟ್’ ಎಂಬ ವ್ಯವಸ್ಥೆಗೆ ಸಾಗಿಸಲಾಯಿತು. ಪ್ರತಿಯೊಂದು ಪ್ರಕ್ರಿಯೆಯೂ ಒಂದು ಪ್ರಾಜೆಕ್ಟ್‌ಗೆ ಸೇರಿರುತ್ತದೆ, ಮತ್ತು ಆ ಪ್ರಾಜೆಕ್ಟ್‌ಗೆ ಸೇರಿದವೆಲ್ಲ ಕೂಡಿ ಪಡೆಯಬಹುದಾದ ಶೇರ್ಡ್ ಮೆಮೊರಿಯ ಮೇಲ್ಮಿತಿಗೆ ಪ್ರಾಜೆಕ್ಟ್ ಮ್ಯಾಕ್ಸ್ ಶೆಮ್ ಮೆಮೊರಿ ಎಂದು ಹೆಸರು. ಯಾರೂ ಬದಲಾಯಿಸದಿದ್ದರೆ ಅದು ಯಂತ್ರದ ಮೆಮೊರಿಯ ಕಾಲು ಭಾಗ. ನಿಮ್ಮಲ್ಲಿ ಸುಮಾರು 4 ಜಿಬಿ. ಮೊದಲ ಡೇಟಾಬೇಸ್ 3 ಜಿಬಿ ಪಡೆದ ಮೇಲೆ ಎರಡನೆಯದಕ್ಕೆ ಉಳಿಯುವುದು 1 ಜಿಬಿ. ಲಿನಕ್ಸ್‌ನಲ್ಲಿ ಒಟ್ಟು ಮಿತಿ ಮೀರಿದರೆ 28 ಬರುತ್ತಿತ್ತು. ಸೊಲಾರಿಸ್ ಇದಕ್ಕೂ 22ನ್ನೇ ಕೊಡುತ್ತದೆ ಎಂಬುದನ್ನು ನೆನಪಿನಲ್ಲಿಡಿ.

ಒರಾಕಲ್ ಬಳಕೆದಾರರಾಗಿ ಲಾಗಿನ್ ಆಗಿ ಐಡಿ ಆಜ್ಞೆಗೆ ‘ಪಿ’ ಆಯ್ಕೆ ಕೊಟ್ಟು ಯಾವ ಪ್ರಾಜೆಕ್ಟ್‌ನಲ್ಲಿದ್ದೀರೆಂದು ನೋಡಿ, ಪಿಆರ್‌ಸಿಟಿಎಲ್ ಆಜ್ಞೆಯಿಂದ ಈಗಿನ ಮಿತಿಯನ್ನು ಓದಿ. ‘ಡಿಫಾಲ್ಟ್’ ಎಂದು ಬಂದರೆ ಯೂಸರ್ ಡಾಟ್ ಒರಾಕಲ್ ಎಂಬ ಹೆಸರಿನ ಪ್ರಾಜೆಕ್ಟ್ ಒಂದನ್ನು ಪ್ರಾಜ್‌ಆ್ಯಡ್ ಆಜ್ಞೆಯಿಂದ ರಚಿಸಿ. ಆ ಬಳಕೆದಾರ ಲಾಗಿನ್ ಆದಾಗಲೆಲ್ಲ ಸೊಲಾರಿಸ್ ತಾನಾಗಿ ಅದನ್ನೇ ಆರಿಸಿಕೊಳ್ಳುತ್ತದೆ. ಅದಕ್ಕೆ ಪ್ರಾಜ್‌ಮಾಡ್‌ನಿಂದ 8 ಜಿಬಿ ಮಿತಿ ಕೊಡಿ. ಈ ಬದಲಾವಣೆ ಹೊಸ ಲಾಗಿನ್‌ಗಳಿಗೆ ಮಾತ್ರ ಅನ್ವಯಿಸುವುದರಿಂದ, ತೆರೆದಿರುವ ಟರ್ಮಿನಲ್‌ನಲ್ಲಿಯೇ ಮತ್ತೆ ಪ್ರಯತ್ನಿಸಿ ಫಲವಿಲ್ಲವೆಂದು ನಿರ್ಧರಿಸಬೇಡಿ. ಇಟಿಸಿ ಸಿಸ್ಟಮ್‌ನಲ್ಲಿ ಸೇರಿಸಿದ ಸಾಲುಗಳನ್ನು ತೆಗೆದುಬಿಡಿ.

ಮುಂದೆ ಎಂದಾದರೂ ಇದೇ ಯಂತ್ರದಲ್ಲಿ ‘ಎರರ್ 12: ನಾಟ್ ಎನಫ್ ಸ್ಪೇಸ್’ ಎಂದು ಬಂದರೆ ಅದು ಬೇರೆಯೇ ಕಥೆ. ಸೊಲಾರಿಸ್‌ನಲ್ಲಿ 12ರ ಜೊತೆ ಮುದ್ರಣವಾಗುವ ವಾಕ್ಯದಲ್ಲಿ ಮೆಮೊರಿ ಎಂಬ ಪದವೇ ಇಲ್ಲ. ಆ ವ್ಯವಸ್ಥೆ ಲಿನಕ್ಸ್‌ನಂತೆ ಇಲ್ಲದ ಮೆಮೊರಿಯನ್ನು ಇದೆಯೆಂದು ಒಪ್ಪಿಕೊಂಡು ಆಮೇಲೆ ಪರದಾಡುವುದಿಲ್ಲ. ಪ್ರಕ್ರಿಯೆಗಳು ಕೇಳಿದ್ದಕ್ಕೆ ಮೆಮೊರಿ ಮತ್ತು ಸ್ವಾಪ್ ಸೇರಿದ ಒಟ್ಟಿನಲ್ಲಿ ಮೊದಲೇ ಜಾಗ ಕಾದಿರಿಸುತ್ತದೆ. ಅಲ್ಲಿಯ ಟಿಎಂಪಿ ಡೈರೆಕ್ಟರಿ ಕೂಡ ಸಾಮಾನ್ಯವಾಗಿ ಇದೇ ಒಟ್ಟಿನಲ್ಲಿ ವಾಸಿಸುತ್ತದೆ. ಆದ್ದರಿಂದ ಹುಬ್ಬಳ್ಳಿಯ ಓದುಗರಿಗೆ ವ್ಯರ್ಥವಾದ ಉಪಾಯ, ಅಂದರೆ ಕಡತ ಅಳಿಸುವುದು, ಸೊಲಾರಿಸ್‌ನ ಟಿಎಂಪಿಯಲ್ಲಿ ಯಾರೋ ದೊಡ್ಡ ಎಕ್ಸ್‌ಪೋರ್ಟ್ ಕಡತ ಬಿಟ್ಟುಹೋಗಿದ್ದರೆ ನಿಜವಾಗಿಯೂ ಡೇಟಾಬೇಸನ್ನು ಎಬ್ಬಿಸಬಲ್ಲದು.

ಪ್ರಶ್ನೆ: 64 ಜಿಬಿ ಮೆಮೊರಿಯ ಲಿನಕ್ಸ್ ಸರ್ವರ್‌ನಲ್ಲಿ ಒರಾಕಲ್‌ನ ಮೆಮೊರಿ ಟಾರ್ಗೆಟ್ ಅನ್ನು 36 ಜಿಬಿಗೆ ಇಟ್ಟಾಗ ಒಆರ್‌ಎ-00845 ಬಂತು. ಹ್ಯೂಜ್ ಪೇಜ್ (ದೊಡ್ಡ ಮೆಮೊರಿ ಪುಟ) ಇಟ್ಟರೆ ಒಳ್ಳೆಯದೆಂದು ಕೇಳಿ 20480 ಪುಟಗಳನ್ನು ಕಾದಿರಿಸಿದೆವು. ಅದೇ ದೋಷ ಮುಂದುವರಿಯಿತು, ಮೇಲಾಗಿ ಈಗ ಸರ್ವರ್‌ನಲ್ಲಿರುವ ಬೇರೆ ಕೆಲಸಗಳಿಗೂ ಮೆಮೊರಿ ಸಾಲುತ್ತಿಲ್ಲ.
– ಓದುಗರು, ಮೈಸೂರು

ಉತ್ತರ: ಇಲ್ಲಿ ಎರಡು ಬೇರೆ ವಿಷಯಗಳು ಹೆಣೆದುಕೊಂಡಿವೆ. ಒರಾಕಲ್‌ನ ಮೆಮೊರಿಯನ್ನು ತಾನೇ ಹಂಚುವ ಮೆಮೊರಿ ಟಾರ್ಗೆಟ್ ಎಂಬ ಸ್ವಯಂಚಾಲಿತ ಏರ್ಪಾಡು ಲಿನಕ್ಸ್‌ನಲ್ಲಿ ಡೆವ್ ಶೆಮ್ ಎಂಬ ಮೆಮೊರಿ ಕಡತವ್ಯವಸ್ಥೆಯನ್ನು ಅವಲಂಬಿಸಿದೆ, ಮತ್ತು ಅದರ ಗಾತ್ರ ಬದಲಾಯಿಸದಿದ್ದರೆ ಯಂತ್ರದ ಮೆಮೊರಿಯ ಅರ್ಧ, ಅಂದರೆ ನಿಮ್ಮಲ್ಲಿ ಸುಮಾರು 32 ಜಿಬಿ. 36 ಜಿಬಿ ಅದರಲ್ಲಿ ಹಿಡಿಸುವುದಿಲ್ಲವೆಂಬುದೇ 00845ರ ಅರ್ಥ. ಡೆವ್ ಶೆಮ್ ಅನ್ನು ದೊಡ್ಡ ಗಾತ್ರದೊಂದಿಗೆ ಮತ್ತೆ ಮೌಂಟ್ ಮಾಡಿದರೆ ಈ ದೋಷ ಹೋಗುತ್ತದೆ.

ಆದರೆ ಹಾಗೆ ಮಾಡಬೇಡಿ ಎನ್ನುತ್ತೇನೆ. ಮೆಮೊರಿ ಟಾರ್ಗೆಟ್ ಇರುವವರೆಗೆ ಒರಾಕಲ್ ಹ್ಯೂಜ್ ಪೇಜ್‌ಗಳನ್ನು ಬಳಸಲಾರದು. ಒಂದು ಹ್ಯೂಜ್ ಪೇಜ್‌ಗೆ 2 ಎಂಬಿಯಂತೆ ನೀವು ಕಾದಿರಿಸಿರುವುದು 40 ಜಿಬಿ, ಮತ್ತು ಹಾಗೆ ಕಾದಿರಿಸಿದ್ದನ್ನು ಸಾಮಾನ್ಯ ಪ್ರಕ್ರಿಯೆಗಳು ಮುಟ್ಟುವಂತಿಲ್ಲ. ಮದುವೆ ಮನೆಯಲ್ಲಿ ಬೀಗರಿಗೆಂದು ಎಲೆ ಹಾಕಿಟ್ಟ ಪಂಕ್ತಿ ಖಾಲಿಯಿದ್ದು, ಹಸಿದವರು ಪಕ್ಕದಲ್ಲಿ ನಿಂತಿರುವ ಸ್ಥಿತಿ ಇದು. ಮೆಮಿನ್ಫೊ ಕಡತದಲ್ಲಿ ಹ್ಯೂಜ್ ಪೇಜ್‌ಗಳ ಒಟ್ಟು ಸಂಖ್ಯೆಯೂ ಖಾಲಿ ಸಂಖ್ಯೆಯೂ 20480 ಎಂದೇ ಇರುವುದನ್ನು ನೀವು ಕಾಣುತ್ತೀರಿ.

ದೊಡ್ಡ ಎಸ್‌ಜಿಎಗೆ ಹ್ಯೂಜ್ ಪೇಜ್‌ಗಳೇ ಸರಿ. ಸಾವಿರಾರು ಬಳಕೆದಾರರ ಪ್ರಕ್ರಿಯೆಗಳಿದ್ದಾಗ, ಪ್ರತಿಯೊಂದೂ ಅದೇ ಎಸ್‌ಜಿಎಗೆ 4 ಕೆಬಿ ಪುಟಗಳ ಲೆಕ್ಕದ ಪಟ್ಟಿಯನ್ನು ತನಗೆಂದೇ ಇಟ್ಟುಕೊಳ್ಳುವುದರಿಂದ, ಆ ಪಟ್ಟಿಗಳೇ ಹಲವು ಜಿಬಿ ತಿನ್ನುತ್ತವೆ. ಪುಟ ದೊಡ್ಡದಾದಷ್ಟೂ ಪಟ್ಟಿ ಚಿಕ್ಕದು. ಮೆಮೊರಿ ಟಾರ್ಗೆಟನ್ನು ತೆಗೆದು, ಎಸ್‌ಜಿಎ ಟಾರ್ಗೆಟ್ ಮತ್ತು ಪಿಜಿಎ ಅಗ್ರಿಗೇಟ್ ಟಾರ್ಗೆಟ್‌ಗಳನ್ನು ಪ್ರತ್ಯೇಕವಾಗಿ ಕೊಡಿ. ಎಸ್‌ಜಿಎ 30 ಜಿಬಿ ಎಂದಾದರೆ 15360 ಪುಟಗಳ ಮೇಲೆ ಕೆಲವನ್ನು ಹೆಚ್ಚಿಗೆ ಇಟ್ಟು ಉಳಿದದ್ದನ್ನು ಬಿಡುಗಡೆ ಮಾಡಿ. ಪಿಜಿಎ, ಅಂದರೆ ಒಂದೊಂದು ಪ್ರಕ್ರಿಯೆಯ ಸ್ವಂತ ಮೆಮೊರಿ, ಈ ಪುಟಗಳಿಂದ ಬರುವುದಿಲ್ಲವಾದ್ದರಿಂದ ಅದಕ್ಕೆ ಸಾಮಾನ್ಯ ಮೆಮೊರಿ ಉಳಿದಿರಬೇಕು. ಒರಾಕಲ್ ಬಳಕೆದಾರನ ಮೆಮ್‌ಲಾಕ್ ಮಿತಿಯೂ, ಅಂದರೆ ಸ್ವಾಪ್‌ಗೆ ಹೋಗದಂತೆ ಹಿಡಿದಿಡಬಹುದಾದ ಮೆಮೊರಿಯ ಮಿತಿಯೂ, ಎಸ್‌ಜಿಎಗಿಂತ ದೊಡ್ಡದಿರಬೇಕು. ಲಿಮಿಟ್ಸ್ ಕಡತದಲ್ಲಿ ಅದರ ಅಳತೆ ಕಿಲೋಬೈಟ್‌ಗಳಲ್ಲಿದೆ. ಯೂಸ್ ಲಾರ್ಜ್ ಪೇಜಸ್ ಎಂಬ ಮೌಲ್ಯವನ್ನು ‘ಓನ್ಲಿ’ ಎಂದಿಟ್ಟರೆ, ಪುಟಗಳು ಸಾಲದಿದ್ದಾಗ ಡೇಟಾಬೇಸ್ ಸದ್ದಿಲ್ಲದೆ ಸಾಮಾನ್ಯ ಮೆಮೊರಿಗೆ ಜಾರುವ ಬದಲು ಏಳಲು ನಿರಾಕರಿಸುತ್ತದೆ. ಅದು ಕಿರಿಕಿರಿಯೆನಿಸಿದರೂ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ.

ಪ್ರಶ್ನೆ: ಯೂಸ್ ಲಾರ್ಜ್ ಪೇಜಸ್ ಮೌಲ್ಯವನ್ನು ಮೇಲಿನಂತೆಯೇ ‘ಓನ್ಲಿ’ ಎಂದು ಇಟ್ಟಿದ್ದೇವೆ. ಕೈಯಾರೆ ಆರಂಭಿಸಿದರೆ ಡೇಟಾಬೇಸ್ ಏಳುತ್ತದೆ. ಸರ್ವರ್ ರೀಬೂಟ್ ಆದಾಗ ಲಿನಕ್ಸ್‌ನಲ್ಲಿ ಸೇವೆಗಳನ್ನು ಆರಂಭಿಸುವ ಸಿಸ್ಟಮ್‌ಡಿ ಮೂಲಕ ಆರಂಭಿಸಿದರೆ ಮಾತ್ರ ಮೆಮೊರಿಯ ದೋಷ ಬರುತ್ತದೆ.
– ಓದುಗರು, ದಾವಣಗೆರೆ

ಉತ್ತರ: ಲಿಮಿಟ್ಸ್ ಕಡತವನ್ನು ಓದುವುದು ಲಾಗಿನ್ ವ್ಯವಸ್ಥೆ. ಸಿಸ್ಟಮ್‌ಡಿ ಸೇವೆಗಳು ಲಾಗಿನ್ ಆಗುವುದಿಲ್ಲವಾದ್ದರಿಂದ ಅಲ್ಲಿ ಬರೆದ ಮೆಮ್‌ಲಾಕ್ ಮಿತಿ ಅವುಗಳಿಗೆ ತಲುಪುವುದಿಲ್ಲ. ಸೇವೆಯ ಯೂನಿಟ್ ಕಡತದಲ್ಲಿಯೇ ಲಿಮಿಟ್ ಮೆಮ್‌ಲಾಕ್ ಸಾಲನ್ನು ಸೇರಿಸಿ, ಡೀಮನ್ ರೀಲೋಡ್ ಮಾಡಿ. ನಡೆಯುತ್ತಿರುವ ಪ್ರಕ್ರಿಯೆಗೆ ನಿಜವಾಗಿ ಯಾವ ಮಿತಿ ಸಿಕ್ಕಿದೆ ಎಂಬುದು ಪ್ರಾಕ್ ಡೈರೆಕ್ಟರಿಯಲ್ಲಿ ಅದರ ಸಂಖ್ಯೆಯಡಿ ಇರುವ ಲಿಮಿಟ್ಸ್ ಕಡತದಲ್ಲಿ ಕಾಣುತ್ತದೆ. ಟರ್ಮಿನಲ್‌ನಲ್ಲಿ ಯುಲಿಮಿಟ್ ಕೊಟ್ಟು ನೋಡಿದರೆ ಕಾಣುವುದು ನಿಮ್ಮ ಶೆಲ್‌ನ ಮಿತಿಯೇ ಹೊರತು ಸೇವೆಯದಲ್ಲ.

ಪ್ರಶ್ನೆ: ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7.2ರಲ್ಲಿ ಡೇಟಾಬೇಸ್ ಚೆನ್ನಾಗಿ ಏಳುತ್ತದೆ. ನಾನು ಲಾಗೌಟ್ ಆದ ಸ್ವಲ್ಪ ಹೊತ್ತಿಗೆ ಸೆಮಾಫೋರ್ ದೋಷದಿಂದ ಬೀಳುತ್ತದೆ. ಇದೂ ಮೆಮೊರಿಯ ಕೊರತೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಕೊರತೆಯಲ್ಲ, ಅತಿಯಾದ ಸ್ವಚ್ಛತೆ. ಸಿಸ್ಟಮ್‌ಡಿಯ ಲಾಗಿನ್‌ಡಿ ಭಾಗದಲ್ಲಿ ರಿಮೂವ್ ಐಪಿಸಿ ಎಂಬ ಮೌಲ್ಯವಿದೆ. ಅದು ‘ಯೆಸ್’ ಆಗಿದ್ದರೆ, ಒಬ್ಬ ಸಾಮಾನ್ಯ ಬಳಕೆದಾರನ ಕೊನೆಯ ಲಾಗಿನ್ ಮುಗಿದ ಕೂಡಲೇ ಆತನ ಹೆಸರಿನ ಶೇರ್ಡ್ ಮೆಮೊರಿ ಮತ್ತು ಸೆಮಾಫೋರ್‌ಗಳನ್ನು ಅದು ತೆಗೆದುಹಾಕುತ್ತದೆ. ಅವನ್ನು ಡೇಟಾಬೇಸ್ ಇನ್ನೂ ಬಳಸುತ್ತಿದೆಯೇ ಎಂದು ಕೇಳುವುದಿಲ್ಲ. ನಿಮ್ಮ ಆವೃತ್ತಿಯಲ್ಲಿ ಅದರ ಮೂಲ ಮೌಲ್ಯವೇ ‘ಯೆಸ್’. ಲಾಗಿನ್‌ಡಿ ಡಾಟ್ ಕಾನ್ಫ್ ಕಡತದಲ್ಲಿ ಅದನ್ನು ‘ನೋ’ ಮಾಡಿ ಆ ಸೇವೆಯನ್ನು ಮರು ಆರಂಭಿಸಿ. ವ್ಯವಸ್ಥಾ ಬಳಕೆದಾರರಿಗೆ, ಅಂದರೆ ಪ್ಯಾಕೇಜ್ ಮೂಲಕ ಅಳವಡಿಸಿದಾಗ ಸೃಷ್ಟಿಯಾಗುವ ಪೋಸ್ಟ್‌ಗ್ರೆಸ್‌ನಂಥ ಖಾತೆಗಳಿಗೆ, ಈ ತೊಂದರೆ ಇಲ್ಲ. ಕೈಯಿಂದ ಯೂಸರ್‌ಆ್ಯಡ್ ಮಾಡಿ ಸೃಷ್ಟಿಸಿದ ಒರಾಕಲ್ ಖಾತೆಗಳೇ ಇದಕ್ಕೆ ಸಿಕ್ಕಿಬೀಳುತ್ತವೆ.

ಪ್ರಶ್ನೆ: ತಂತ್ರಾಂಶವನ್ನು ಪ್ರತ್ಯೇಕವಾಗಿಟ್ಟು ನಡೆಸುವ ಡಾಕರ್ ಕಂಟೇನರ್‌ನಲ್ಲಿ ಪೋಸ್ಟ್‌ಗ್ರೆಸ್ ಏಳುತ್ತದೆ, ಆದರೆ ದೊಡ್ಡ ವರದಿ ತೆಗೆಯುವಾಗ ಶೇರ್ಡ್ ಮೆಮೊರಿ ಹಿಗ್ಗಿಸಲಾಗಲಿಲ್ಲ, ಡಿವೈಸ್‌ನಲ್ಲಿ ಜಾಗವಿಲ್ಲ ಎನ್ನುತ್ತದೆ.
– ಓದುಗರು, ಬೆಂಗಳೂರು

ಉತ್ತರ: ಡಾಕರ್ ಪ್ರತಿ ಕಂಟೇನರ್‌ಗೆ ಡೆವ್ ಶೆಮ್‌ಗೆಂದು ಕೊಡುವುದು 64 ಎಂಬಿ ಮಾತ್ರ. ಒಂದೇ ಪ್ರಶ್ನೆಯನ್ನು ಹಲವು ಪ್ರಕ್ರಿಯೆಗಳು ಹಂಚಿಕೊಂಡು ನಡೆಸುವಾಗ ಪೋಸ್ಟ್‌ಗ್ರೆಸ್ ಬಳಸುವುದು ಅದನ್ನೇ. ಕಂಟೇನರ್ ಆರಂಭಿಸುವಾಗ ಶೆಮ್ ಸೈಜ್ ಆಯ್ಕೆಯಲ್ಲಿ 1 ಜಿಬಿಯಷ್ಟು ಕೊಡಿ, ಮತ್ತು ಕಂಟೇನರ್‌ನ ಒಟ್ಟು ಮೆಮೊರಿ ಮಿತಿಯಲ್ಲಿ ಇದೂ ಲೆಕ್ಕಕ್ಕೆ ಬರುವುದರಿಂದ ಆ ಮಿತಿಯನ್ನೂ ಅದಕ್ಕೆ ತಕ್ಕಂತೆ ಏರಿಸಿ.